‘ಅವರೇ ಅವರನ್ನು ಕೊಂದುಕೊಂಡರು’: ಆರ್ಮೇನಿಯಾ–ಅಜರ್‌ಬೈಜಾನ್ ಜಗಳದಲ್ಲಿ ಎರಡೂ ಕಡೆ ಓಡುವ ಒಂದೇ ಮಾತು

ಕೆಂಗೇರಿ ಕಿಟ್ಟಿ

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. 2020ರ ಅಕ್ಟೋಬರ್. ಮನೆಯಿಂದಲೇ ಆಫೀಸು, ಪುರುಸೊತ್ತು ಜಾಸ್ತಿ. ಕರಾಬಾಖ್ ಯುದ್ಧದ್ದು ಅಂತ ಒಂದು ವಿಡಿಯೋ ಬಂತು. ಕರಾಬಾಖ್ (ಪೂರ್ತಿ ಹೆಸರು ನಗೋರ್ನೊ-ಕರಾಬಾಖ್) ಅಂದರೆ ಅಜರ್‌ಬೈಜಾನಿನ ಒಳಗೆ ಆರ್ಮೇನಿಯನ್ನರೇ ಹೆಚ್ಚಿದ್ದ ಪ್ರಾಂತ, ಈ ಎರಡು ದೇಶಗಳ ಜಗಳ ಅದಕ್ಕೇ. ರಾತ್ರಿ ಆಕಾಶ, ಕೆಂಪು ಗುಂಡುಗಳ ಸಾಲು, ಕೊನೆಗೆ ಒಂದು ವಿಮಾನ ಉರಿದುಕೊಂಡು ಕೆಳಗೆ ಬೀಳುತ್ತದೆ. ‘ಶತ್ರು ವಿಮಾನ ಉರುಳಿಸಿದ ಆರ್ಮೇನಿಯಾದ ವೀರರು’ ಅಂತ ನಾನೇ ಮೇಲೆ ಎರಡು ಸಾಲು ಬರೆದು ಹಂಚಿದೆ. ನಾನೂರು ಚಿಲ್ಲರೆ ಶೇರ್. ನನ್ನ ಜನ್ಮದಲ್ಲಿ ಅಷ್ಟು ಯಾವತ್ತೂ ಆಗಿರಲಿಲ್ಲ. ವಾರ ಬಿಟ್ಟು ಅಕ್ಕನ ಮಗ ಬಂದವನು ನೋಡಿ ನಕ್ಕುಬಿಟ್ಟ. ‘ಮಾಮ, ಇದು ಅರ್ಮಾ 3. ನಾನು ಆಡೋ ಗೇಮು.’

ಅವತ್ತಿನ ನಾಚಿಕೆಯಲ್ಲೇ ಈ ಎರಡು ದೇಶಗಳ ಜಗಳ ಓದುವ ಹುಚ್ಚು ಹತ್ತಿತು. ಈಗ ಅನ್ನಿಸುವುದು, ಗೇಮ್ ವಿಡಿಯೋ ಥರದ ಸುಳ್ಳು ಸಣ್ಣದು, ಒಂಬತ್ತನೇ ಕ್ಲಾಸಿನ ಹುಡುಗ ಹಿಡಿದುಬಿಡುತ್ತಾನೆ. ತಲೆ ಕೆಡಿಸುವುದು ಬೇರೆ ಥರದ್ದು. ಎರಡು ಘಟನೆ ಹೇಳುತ್ತೇನೆ.

ಮೊದಲನೆಯದು ಸುಮ್ಗಾಯಿತ್. ಅಜರ್‌ಬೈಜಾನಿನ ರಾಜಧಾನಿ ಬಾಕು ಪಕ್ಕದ ಕಾರ್ಖಾನೆ ಊರು. ಆಗ ಎರಡೂ ದೇಶ ಸೋವಿಯತ್ ಒಕ್ಕೂಟದ ಒಳಗಿದ್ದವು. 1988ರ ಫೆಬ್ರವರಿ 20ಕ್ಕೆ ನಗೋರ್ನೊ-ಕರಾಬಾಖ್‌ನ ಸೋವಿಯತ್ ಸಭೆ ‘ನಮ್ಮನ್ನು ಅಜರ್‌ಬೈಜಾನಿನಿಂದ ತೆಗೆದು ಆರ್ಮೇನಿಯಾಕ್ಕೆ ಸೇರಿಸಿ’ ಅಂತ ಠರಾವು ಮಾಡಿತು. 22ಕ್ಕೆ ಕರಾಬಾಖ್‌ನ ಅಸ್ಕೆರಾನ್ ಹತ್ತಿರದ ಗಲಾಟೆಯಲ್ಲಿ ಇಬ್ಬರು ಅಜರ್‌ಬೈಜಾನಿ ಹುಡುಗರು ಸತ್ತರು. 27ಕ್ಕೆ ಸೋವಿಯತ್ ಉಪ ಪ್ರಾಸಿಕ್ಯೂಟರ್ ಕತುಸೇವ್, ಸತ್ತವರು ಯಾವ ಜನಾಂಗದವರು ಅಂತ ಪ್ರಸಾರದಲ್ಲಿ ಹೇಳಿಬಿಟ್ಟ. ಮೊದಲೇ ಕಾಯ್ದ ಎಣ್ಣೆ, ಅದಕ್ಕೆ ನೀರು ಚಿಮುಕಿಸಿದ ಹಾಗಾಯಿತು. 27ರಿಂದ 29ರವರೆಗೆ ಗುಂಪುಗಳು ಆರ್ಮೇನಿಯನ್ನರ ಫ್ಲಾಟುಗಳಿಗೆ ನುಗ್ಗಿದವು. ಸರ್ಕಾರಿ ಲೆಕ್ಕದಲ್ಲಿ 32 ಸಾವು, ಅದರಲ್ಲಿ 26 ಆರ್ಮೇನಿಯನ್ನರು. ಲೆಕ್ಕ ಇನ್ನೂ ದೊಡ್ಡದು ಅಂತ ಆರ್ಮೇನಿಯನ್ನರು ಇವತ್ತಿಗೂ ಹೇಳುತ್ತಾರೆ.

ಎರಡನೆಯದು ಖೊಜಾಲಿ. ಕರಾಬಾಖ್‌ನ ಒಂದೇ ಒಂದು ವಿಮಾನ ನಿಲ್ದಾಣ ಇದ್ದ ಅಜರ್‌ಬೈಜಾನಿ ಊರು. 1992ರ ಫೆಬ್ರವರಿ 25ರ ರಾತ್ರಿ ಆರ್ಮೇನಿಯನ್ ಪಡೆ ನುಗ್ಗಿತು, ಜೊತೆಗೆ ಹಳೇ ಸೋವಿಯತ್ 366ನೇ ರೆಜಿಮೆಂಟಿನ ಸೈನಿಕರು, ವಾಹನಗಳು. ಊರಿನವರು ಹಿಮದಲ್ಲಿ ಅಜರ್‌ಬೈಜಾನಿಗಳ ಕೈಯಲ್ಲಿದ್ದ ಅಗ್ದಾಮ್ ಊರಿನ ಕಡೆ ಓಡಿದರು. ದಾರಿಯಲ್ಲಿ ಬಯಲಿನಲ್ಲಿ ಗುಂಡು ಹೊಡೆದು ಕೊಂದರು. ಅಜರ್‌ಬೈಜಾನಿನ ಸರ್ಕಾರಿ ಲೆಕ್ಕ 613, ಅದರಲ್ಲಿ 106 ಹೆಂಗಸರು, 63 ಮಕ್ಕಳು.

ಈಗ ನೋಡಿ. ಸುಮ್ಗಾಯಿತ್ ಆದ ಮೇಲೆ ಅಜರ್‌ಬೈಜಾನಿನ ದೊಡ್ಡ ಇತಿಹಾಸಕಾರ ಜಿಯಾ ಬುನ್ಯಾದೋವ್ ಒಂದು ಲೇಖನ ಬರೆದರು. ಇದನ್ನು ಮಾಡಿಸಿದ್ದು ಆರ್ಮೇನಿಯನ್ನರೇ, ಲೋಕದ ಮುಂದೆ ನಮ್ಮ ಹೆಸರು ಕೆಡಿಸುವುದಕ್ಕೆ. ಆಧಾರ ಏನು? ಶಿಕ್ಷೆಯಾದವರಲ್ಲಿ ಗ್ರಿಗೋರ್ಯಾನ್ ಅಂತ ಒಬ್ಬನಿದ್ದ, ಅವನ ಮನೆಹೆಸರು ಆರ್ಮೇನಿಯನ್. ಡಜನ್‌ಗಟ್ಟಲೆ ಅಪರಾಧಿಗಳಲ್ಲಿ ಒಬ್ಬನ ಹೆಸರು ಹಿಡಿದುಕೊಂಡು ಪೂರ್ತಿ ಕಥೆ ಕಟ್ಟಿದರು.

ಖೊಜಾಲಿ ಆದ ಮೇಲೆ ಆರ್ಮೇನಿಯಾ ಕಡೆಯವರು ಏನು ಹೇಳಿದರು? ಇದನ್ನು ಮಾಡಿಸಿದ್ದು ಅಜರ್‌ಬೈಜಾನಿನ ವಿರೋಧ ಪಕ್ಷದವರೇ, ಅಧ್ಯಕ್ಷ ಮುತಾಲಿಬೋವ್‌ನನ್ನು ಇಳಿಸುವುದಕ್ಕೆ. ಆಧಾರ? ಕುರ್ಚಿ ಕಳೆದುಕೊಂಡ ಮುತಾಲಿಬೋವ್ ಏಪ್ರಿಲ್‌ನಲ್ಲಿ ಮಾಸ್ಕೋ ಪತ್ರಿಕೆಗೆ ಕೊಟ್ಟ ಒಂದು ಸಂದರ್ಶನ. ಸಿಟ್ಟಿನಲ್ಲಿ ಎದುರಾಳಿಗಳ ಕಡೆ ಬೆರಳು ತೋರಿಸಿದ್ದರು. ನಾನು ಹೇಳಿದ ಅರ್ಥ ಅದಲ್ಲ ಅಂತ ಆಮೇಲೆ ಅವರೇ ಹೇಳಿದರು. ಆ ಮಾತು ಯಾರಿಗೂ ಬೇಡ.

ಹೆಸರು ಬದಲಾಯಿಸಿ, ಊರು ಬದಲಾಯಿಸಿ, ವಾಕ್ಯ ಒಂದೇ. ‘ಅವರೇ ಅವರನ್ನು ಕೊಂದುಕೊಂಡರು.’ ಇಬ್ಬರೂ ಒಂದೇ ಟೈಲರ್ ಹತ್ತಿರ ಅಂಗಿ ಹೊಲಿಸಿಕೊಂಡ ಹಾಗಿದೆ. ಆ ಕಡೆ ಇದ್ದು ಬಂದವರು ಇಲ್ಲಿ ಒಂದಿಬ್ಬರು ಇದ್ದಾರೆ ಅಂತ ಗೊತ್ತು. ಸ್ವಲ್ಪ ಹೇಳಿ.

ವೀರಭದ್ರ 77

ಕಿಟ್ಟಿ ಸರ್, ಇಷ್ಟೊಂದು ತಕ್ಕಡಿ ಹಿಡಿಯುವ ಅಗತ್ಯ ಏನಿದೆ? ಅಜರ್‌ಬೈಜಾನ್ ಯಾರ ದೋಸ್ತು? ಪಾಕಿಸ್ತಾನದ್ದು, ಟರ್ಕಿದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ಹೊತ್ತಿಗೆ ಯಾರ ಪರ ನಿಂತರು ಅಂತ ನೋಡಿದೆವಲ್ಲ, ಎಷ್ಟು ಜನ ಬಾಕು ಟೂರ್ ಕ್ಯಾನ್ಸಲ್ ಮಾಡಿದರು. ಆರ್ಮೇನಿಯಾ ನಮ್ಮ ಗಿರಾಕಿ. ಪಿನಾಕ ಕೊಂಡಿದ್ದಾರೆ, ಸ್ವಾತಿ ರಾಡಾರ್ ಕೊಂಡಿದ್ದಾರೆ. ಸ್ವಾತಿ ಮಾಡಿದ್ದು ನಮ್ಮ ಬೆಂಗಳೂರಿನ ಬಿಇಎಲ್. ನಮ್ಮವರ ಪರ ನಾವು ಮಾತಾಡದೆ ಇನ್ಯಾರು ಮಾತಾಡಬೇಕು?

ಡಾಕ್ಟ್ರಮ್ಮ ಹಾಸನ

ವೀರಭದ್ರ ಅವರೇ, ರಾಡಾರ್ ಮಾರಿದ್ದಕ್ಕೆ ಅವರ ಇತಿಹಾಸವನ್ನೂ ಜೊತೆಗೆ ಕೊಳ್ಳಬೇಕಾ?

ಇನ್ನೊಂದು ಮಾತು. ಆರ್ಮೇನಿಯಾ ಅಂತ ಒಂದು ದೇಶ ಇದೆ ಅಂತಲೇ ಒಪ್ಪದಿದ್ದ ಪಾಕಿಸ್ತಾನ 2025ರ ಆಗಸ್ಟ್ ಕೊನೆಗೆ ಅವರ ಜೊತೆ ರಾಯಭಾರ ಸಂಬಂಧ ಶುರು ಮಾಡಿದೆ. ನಿಮ್ಮ ಲೆಕ್ಕದಲ್ಲಿ ಈಗ ಖೊಜಾಲಿಯಲ್ಲಿ ಸತ್ತವರು ಸತ್ತವರಾದರಾ ಹೇಗೆ?

ನಾನು ಆರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಎಂಬಿಬಿಎಸ್ ಮಾಡಿದವಳು, ಆರು ವರ್ಷ. ಭಾರತದ ಹುಡುಗರು ಅಲ್ಲಿ ತುಂಬಾ ಜನ ಇದ್ದಾರೆ. ಆರ್ಮೇನಿಯಾ ಬಗ್ಗೆ ನನಗೆ ತುಂಬಾ ಪ್ರೀತಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ 24ಕ್ಕೆ ತ್ಸಿತ್ಸೆರ್ನಾಕಾಬೆರ್ದ್ ಬೆಟ್ಟಕ್ಕೆ ಇಡೀ ಊರು ಹೂವು ಹಿಡಿದು ನಡೆದು ಹೋಗುತ್ತದೆ, 1915ರಲ್ಲಿ ಟರ್ಕಿಯ ಒಟ್ಟೊಮನ್ನರು ಕೊಂದ ಆರ್ಮೇನಿಯನ್ನರ ನೆನಪಿಗೆ. ಒಂದು ಸಲ ಆ ಸಾಲಿನಲ್ಲಿ ನಿಂತವರಿಗೆ ಆ ಜನರ ಭಯ ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮ್ಗಾಯಿತ್ ಸುದ್ದಿ ಬಂದಾಗ ಅವರು 1988 ಅಂತ ಓದಲಿಲ್ಲ, 1915 ಅಂತ ಓದಿದರು.

ನಾನಿದ್ದ ಮನೆಯ ಓನರ್ ಅಜ್ಜಿ, ಅಲ್ಲಿ ತಾತಿಕ್ ಅನ್ನುತ್ತಾರೆ, ಸುಮ್ಗಾಯಿತ್‌ನಿಂದ ಓಡಿ ಬಂದವರು. ಮೂರು ದಿನ ಅವರನ್ನು ಮೇಲಿನ ಮಹಡಿಯ ಅಜರ್‌ಬೈಜಾನಿ ಮನೆಯವರು ಬಚ್ಚಿಟ್ಟಿದ್ದರಂತೆ. ನನಗೆ ಇದನ್ನು ಹೇಳಿದ್ದು ಅಡುಗೆಮನೆಯಲ್ಲಿ, ಎಲೆಯಲ್ಲಿ ತೊಲ್ಮಾ ಸುತ್ತುತ್ತಾ. ಆದರೆ ಫೆಬ್ರವರಿ 28ರ ನೆನಪಿನ ಸಭೆಗೆ ಹೋಗಿ ಮಾತಾಡುವಾಗ ಮೇಲಿನ ಮಹಡಿ ಮಾಯ. ಯಾಕೆ ತಾತಿಕ್ ಅಂದರೆ, ‘ಅಲ್ಲಿ ಅದನ್ನು ಯಾರು ಕೇಳಲು ಬರುತ್ತಾರೆ’ ಅಂದರು. ಸುಳ್ಳು ಅಂತೂ ಹೇಳಲಿಲ್ಲ ಅಲ್ವಾ ಅವರು? ಬರೀ ಒಂದು ಮಹಡಿ ಬಿಟ್ಟರು.

ಕಡಲತೀರ

ಡಾಕ್ಟ್ರೇ, ನಿಮ್ಮ ಅಜ್ಜಿಯ ಕಥೆಗೆ ನನ್ನ ಹತ್ತಿರ ಒಂದು ಜೋಡಿ ಇದೆ.

ನಾನು 2012ರಿಂದ ನಾಲ್ಕು ವರ್ಷ ಬಾಕುವಿನಲ್ಲಿ ತೈಲದ ಕೆಲಸದಲ್ಲಿದ್ದೆ. ಮಂಗಳೂರಿನ ಶೆಖೆ ಬಿಟ್ಟು ಕ್ಯಾಸ್ಪಿಯನ್ ಗಾಳಿಗೆ ಹೋದವನು. ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಅಗ್ದಾಮ್‌ನವನು. 1993ರಲ್ಲಿ ಆರ್ಮೇನಿಯನ್ ಪಡೆ ಅಗ್ದಾಮ್ ಹಿಡಿದಾಗ ಅವನಿಗೆ ಹತ್ತು ವರ್ಷ. ಊರು ಖಾಲಿ ಆಯಿತು. ಆಮೇಲೆ ಇಟ್ಟಿಗೆ, ಪೈಪು, ಕಿಟಕಿ ಎಲ್ಲ ಕಿತ್ತುಕೊಂಡು ಹೋದರು. ಉಳಿದದ್ದು ಮಸೀದಿ, ಅದನ್ನೂ ಕೊಟ್ಟಿಗೆ ಮಾಡಿದ್ದರು. ಕಾಕಸಸ್‌ನ ಹಿರೋಶಿಮಾ ಅಂತ ಹೆಸರು ಸುಮ್ನೆ ಬಂದದ್ದಲ್ಲ ಮಾರಾಯ್ರೆ. 2020ರ ನವೆಂಬರ್ 20ಕ್ಕೆ ಊರು ವಾಪಸ್ ಸಿಕ್ಕಿತು. ಅವನು ಹೋಗಿ ನೋಡಿ ನನಗೆ ಫೋಟೋ ಕಳಿಸಿದ, ಮನೆ ಅಂತ ತೋರಿಸಿದ್ದು ಒಂದು ಗೋಡೆ, ಒಳಗೆ ದಾಳಿಂಬೆ ಗಿಡ.

ಇಷ್ಟು ನೋವು ನಿಜವಾಗಿ ಇದ್ದವನಿಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಆದರೂ ಖೊಜಾಲಿ ಅಂತ ಅವನು ನನಗೆ ಕಳಿಸುತ್ತಿದ್ದ ಚಿತ್ರಗಳಲ್ಲಿ ಒಂದು, 1983ರ ಟರ್ಕಿ ಭೂಕಂಪದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿಯದು. ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಪ್ರಸಿದ್ಧ ಚಿತ್ರ ಅದು. ಹೇಳಿದೆ ಅವನಿಗೆ. ‘ಹಾಗಾದರೆ ಖೊಜಾಲಿ ನಡೆದೇ ಇಲ್ಲ ಅನ್ನುತ್ತೀಯಾ?’ ಅಂತ ಮೈಮೇಲೆ ಬಂದ. ನಡೆದಿದೆ. ಚಿಂಗೀಜ್ ಮುಸ್ತಫಾಯೆವ್ ಅನ್ನುವ ಪತ್ರಕರ್ತ ಹೆಲಿಕಾಪ್ಟರಿನಲ್ಲಿ ಹೋಗಿ ಆ ಬಯಲನ್ನು ಚಿತ್ರೀಕರಿಸಿದ್ದಾನೆ, ಕ್ಯಾಮೆರಾ ಹಿಂದೆ ಅಳುವ ಸದ್ದು ಕೇಳುತ್ತದೆ. ಅದೇ ವರ್ಷ ಜೂನ್‌ನಲ್ಲಿ ಅವನೂ ಯುದ್ಧ ಚಿತ್ರೀಕರಿಸುತ್ತಲೇ ಸತ್ತ. ಅಸಲಿ ಚಿತ್ರ ಕೈಯಲ್ಲಿರುವಾಗ ಟರ್ಕಿ ಭೂಕಂಪ ಯಾಕೆ ಬೇಕಿತ್ತು? ಎದುರಿನವರಿಗೆ ಅಷ್ಟೇ ಸಾಕು, ‘ನೋಡಿ ಫೋಟೋ ನಕಲಿ, ಹತ್ಯಾಕಾಂಡವೂ ನಕಲಿ’ ಅಂತ ಶುರು.

ಕೆಂಗೇರಿ ಕಿಟ್ಟಿ

ಹಾಂ, ಇದೇ ಆಟ ಆ ಕಡೆಯಿಂದಲೂ ಆಗಿದೆ. ವೆರೆಶ್ಚಾಗಿನ್ ಅಂತ ರಷ್ಯನ್ ಚಿತ್ರಕಾರ 1871ರಲ್ಲಿ ತಲೆಬುರುಡೆಗಳ ಗುಡ್ಡದ ಒಂದು ಚಿತ್ರ ಬರೆದ. ಅದನ್ನು 1915ರ ಆರ್ಮೇನಿಯನ್ನರ ಬುರುಡೆಗಳ ಫೋಟೋ ಅಂತ ಅಚ್ಚು ಹಾಕಿದವರಿದ್ದಾರೆ. ಚಿತ್ರ ಬರೆದು 44 ವರ್ಷ ಆದ ಮೇಲೆ ಆದ ಸಾವಿಗೆ ಅದು ಸಾಕ್ಷಿ! 1915ಕ್ಕೆ ಸಾಕ್ಷಿ ರಾಶಿ ರಾಶಿ ಇದೆ. ಆದರೂ ಈ ಒಂದು ಚಿತ್ರ ಹಿಡಿದು ಟರ್ಕಿಯವರು ಎಷ್ಟು ವರ್ಷ ಆಡಿಕೊಂಡರೋ.

ವೀರಭದ್ರ 77

ಸರಿ, ಖೊಜಾಲಿ ಆಯ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಆರ್ಮೇನಿಯನ್ನರು ಹೊರಗೆ ಹೋಗಲು ದಾರಿ ಬಿಟ್ಟಿದ್ದರಂತಲ್ಲ? ಓಡುವವರ ನಡುವೆ ಬಂದೂಕು ಹಿಡಿದವರೂ ಇದ್ದರಂತೆ. ಹ್ಯೂಮನ್ ರೈಟ್ಸ್ ವಾಚ್ ವರದಿಯಲ್ಲೇ ಇದೆ ಅಂತ ಓದಿದ್ದೇನೆ.

ಕೆಂಗೇರಿ ಕಿಟ್ಟಿ

ಇದೆ ಸರ್, ನೀವು ಓದಿದ್ದು ಅರ್ಧ. ಬಂದೂಕಿನವರು ಜನರ ನಡುವೆ ಇದ್ದರು ಅಂತ ಆ ವರದಿ ಹೇಳುತ್ತದೆ, ಅದಕ್ಕಾಗಿ ಅಷ್ಟು ಜನರ ಮೇಲೆ ಗುಂಡು ಹೊಡೆಯಬಹುದು ಅಂತ ಹೇಳುವುದಿಲ್ಲ. ಆರ್ಮೇನಿಯಾ ಸರ್ಕಾರ ಈ ಅರ್ಧವನ್ನೇ ಹಿಡಿದು ‘ನೋಡಿ, ಅವರೇ ಹೇಳಿದ್ದಾರೆ’ ಅಂದಿತು. 1997ರ ಮಾರ್ಚ್‌ನಲ್ಲಿ ಆ ಸಂಸ್ಥೆಯೇ ಆರ್ಮೇನಿಯಾ ವಿದೇಶಾಂಗ ಸಚಿವರಿಗೆ ಕಾಗದ ಬರೆಯಿತು. ನಮ್ಮ ವರದಿಯನ್ನು ತಿರುಚಬೇಡಿ, ಸಾವಿನ ನೇರ ಹೊಣೆ ಕರಾಬಾಖ್ ಆರ್ಮೇನಿಯನ್ ಪಡೆಗಳದ್ದೇ ಅಂತ ನಮ್ಮ ನಿಲುವು ಅಂತ.

ಇನ್ನೂ ಒಂದಿದೆ. ಸೆರ್ಝ್ ಸರ್ಗ್ಸ್ಯಾನ್, ಮುಂದೆ ಆರ್ಮೇನಿಯಾ ಅಧ್ಯಕ್ಷ ಆದವರು, ಆಗ ಕರಾಬಾಖ್ ಪಡೆಯ ಮುಖಂಡ. 2000ದಲ್ಲಿ ಒಬ್ಬ ಬ್ರಿಟಿಷ್ ಪತ್ರಕರ್ತನಿಗೆ ಹೇಳಿದ ಮಾತಿನ ಸಾರ ಇದು: ಆರ್ಮೇನಿಯನ್ನರು ಸಾಮಾನ್ಯ ಜನರ ಮೇಲೆ ಕೈ ಎತ್ತುವವರಲ್ಲ ಅಂತ ಅಜರ್‌ಬೈಜಾನಿಗಳು ತಿಳಿದಿದ್ದರು, ನಾವು ಆ ತಿಳುವಳಿಕೆಯನ್ನು ಮುರಿದೆವು. ಮನೆಯ ಯಜಮಾನನೇ ಹೀಗೆ ಹೇಳಿದ ಮೇಲೆ ‘ಅವರೇ ಕೊಂದುಕೊಂಡರು’ ಅನ್ನುವುದಕ್ಕೆ ಪಕ್ಕದ ಬೀದಿಯವರು ಯಾಕೆ ಗಂಟಲು ಹರಿದುಕೊಳ್ಳಬೇಕು?

ನಿವೃತ್ತ ಮೇಷ್ಟ್ರು

ನನ್ನದು ಗಣಿತದ ಬುದ್ಧಿ, ಅಂಕಿಗಳ ವಿಷಯಕ್ಕೆ ಬರುತ್ತೇನೆ. ಮೂವತ್ತು ವರ್ಷ ಅಜರ್‌ಬೈಜಾನ್ ಹೇಳಿದ ಎರಡು ಅಂಕಿ ಇವೆ. ‘ನಮ್ಮ ನೂರಕ್ಕೆ 20ರಷ್ಟು ನೆಲ ಹೋಯಿತು, ಹತ್ತು ಲಕ್ಷ ಜನ ನಿರಾಶ್ರಿತರಾದರು.’ ದೇಶದ ವಿಸ್ತೀರ್ಣ 86,600 ಚದರ ಕಿಲೋಮೀಟರ್. ನೂರಕ್ಕೆ 20 ಅಂದರೆ 17,320. ಆರ್ಮೇನಿಯನ್ನರ ಹಿಡಿತದಲ್ಲಿ ಇದ್ದದ್ದು, ಕರಾಬಾಖ್ ಮತ್ತು ಸುತ್ತಲಿನ ಜಿಲ್ಲೆಗಳು ಸೇರಿ, ಹತ್ತಿರ ಹತ್ತಿರ 11,800. ಅಂದರೆ ನೂರಕ್ಕೆ 14ಕ್ಕೂ ಸ್ವಲ್ಪ ಕಡಿಮೆ. ನಿರಾಶ್ರಿತರು, ಆರ್ಮೇನಿಯಾದಿಂದ ಓಡಿ ಬಂದವರೂ ಸೇರಿ, ಸುಮಾರು ಏಳೂವರೆ ಲಕ್ಷ.

ಏಳೂವರೆ ಲಕ್ಷ ಸಾಲದಾ? 70 ಲಕ್ಷ ಜನ ಇದ್ದ ದೇಶದಲ್ಲಿ ಅದು ಭಯಂಕರ ಸಂಖ್ಯೆ. ಆದರೆ ಪ್ರಚಾರಕ್ಕೆ ದುಂಡನೆ ಅಂಕಿ ಬೇಕು. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಉತ್ತರ ತೀರಾ ದುಂಡಗೆ ಬಂದರೆ ಇನ್ನೊಂದು ಸಲ ಲೆಕ್ಕ ಮಾಡಿ ಅಂತ.

ಆರ್ಮೇನಿಯಾ ಕಡೆ ಅಂಕಿ ಬೇಕಾಗಲಿಲ್ಲ, ಪದ ಸಾಕಾಯಿತು. ಆ ಸುತ್ತಲಿನ ಏಳು ಜಿಲ್ಲೆಗಳಲ್ಲಿ ಮೊದಲು ಇದ್ದವರೆಲ್ಲ ಹೆಚ್ಚುಕಡಿಮೆ ಅಜರ್‌ಬೈಜಾನಿಗಳು. ಮೊದಲು ಅದನ್ನು ‘ಭದ್ರತಾ ವಲಯ’ ಅಂದರು, ಚೌಕಾಸಿಗೆ ಇಟ್ಟುಕೊಂಡ ನೆಲ ಅಂತ. ವರ್ಷ ಕಳೆದಂತೆ ಅದು ‘ವಿಮೋಚನೆಗೊಂಡ ನೆಲ’ ಆಯಿತು. 2020ರಲ್ಲಿ ಅಜರ್‌ಬೈಜಾನ್ ವಾಪಸ್ ಹಿಡಿದಾಗ ಅವರೂ ಬಳಸಿದ್ದು ಅದೇ ಪದ, ವಿಮೋಚನೆ. ಒಂದೇ ಮಣ್ಣು ಎರಡು ಸಲ ಬಿಡುಗಡೆ ಆಯಿತು, ಎರಡು ಸಲವೂ ಅಲ್ಲಿದ್ದ ಜನ ಗಂಟುಮೂಟೆ ಕಟ್ಟಿದರು.

ಸುಮ್ನೆ ಓದುವವಳು

ಮೇಷ್ಟ್ರೇ, ಒಂದು ಅನುಮಾನ. ಕರಾಬಾಖ್ ಅಸಲಿಗೆ ಯಾರದ್ದು? ಒಬ್ಬರು ಸ್ಟಾಲಿನ್ ಕಿತ್ತು ಕೊಟ್ಟ ಅನ್ನುತ್ತಾರೆ, ಇನ್ನೊಬ್ಬರು ಮೊದಲಿನಿಂದಲೂ ನಮ್ಮದೇ ಅನ್ನುತ್ತಾರೆ.

ನಿವೃತ್ತ ಮೇಷ್ಟ್ರು

ಅಮ್ಮಾ, ‘ಅಸಲಿಗೆ’ ಅನ್ನುವ ಪದ ಹಿಡಿದುಕೊಂಡೇ ಅವರು ನೂರು ವರ್ಷ ಬಡಿದಾಡಿದ್ದು.

1921ರ ಜುಲೈ 4ಕ್ಕೆ ಬೋಲ್ಶೆವಿಕ್ ಪಕ್ಷದ ಕಾಕಸಸ್ ಬ್ಯೂರೋ ಕರಾಬಾಖ್ ಆರ್ಮೇನಿಯಾಕ್ಕೆ ಸೇರಲಿ ಅಂತ ತೀರ್ಮಾನ ಮಾಡಿತು. ಮರುದಿನ, 5ಕ್ಕೆ, ತೀರ್ಮಾನ ಉಲ್ಟಾ. ಸ್ವಾಯತ್ತತೆ ಕೊಟ್ಟು ಅಜರ್‌ಬೈಜಾನಿನಲ್ಲೇ ‘ಬಿಡುವುದು’ ಅಂತ. ರಷ್ಯನ್ ಮೂಲದಲ್ಲಿರುವ ಕ್ರಿಯಾಪದ ‘ಒಸ್ತಾವಿತ್’, ಅಂದರೆ ಇದ್ದಲ್ಲೇ ಬಿಡುವುದು. ಅಜರ್‌ಬೈಜಾನಿಗಳು ಇದೊಂದು ಪದ ತೋರಿಸಿ ‘ನೋಡಿ, ಕೊಟ್ಟದ್ದಲ್ಲ, ಇದ್ದದ್ದೇ ನಮ್ಮದು’ ಅನ್ನುತ್ತಾರೆ. ಆರ್ಮೇನಿಯನ್ನರು ಹಿಂದಿನ ದಿನದ ತೀರ್ಮಾನ ತೋರಿಸಿ ‘ರಾತ್ರೋರಾತ್ರಿ ಕಿತ್ತುಕೊಂಡರು’ ಅನ್ನುತ್ತಾರೆ. ಒಂದು ಕಡೆಯ ಪಠ್ಯದಲ್ಲಿ 4ನೇ ತಾರೀಕಿಗೆ ಜಾಗವಿಲ್ಲ, ಇನ್ನೊಂದು ಕಡೆ 5ನೇ ತಾರೀಕಿನ ಕ್ರಿಯಾಪದಕ್ಕೆ ಜಾಗವಿಲ್ಲ. ಸ್ಟಾಲಿನ್ ಆ ಸಭೆಯಲ್ಲಿದ್ದ ನಿಜ. ಆದರೆ ಅವನು ಆಗಿನ್ನೂ ನಾವು ಹೇಳುವ ಸ್ಟಾಲಿನ್ ಆಗಿರಲಿಲ್ಲ. 1923ರಲ್ಲಿ ಸ್ವಾಯತ್ತ ಪ್ರಾಂತ ಆಯಿತು. 1989ರ ಜನಗಣತಿಯಲ್ಲಿ ಅಲ್ಲಿ ಸುಮಾರು 1,89,000 ಜನ, ನೂರಕ್ಕೆ 77 ಆರ್ಮೇನಿಯನ್ನರು, 21 ಚಿಲ್ಲರೆ ಅಜರ್‌ಬೈಜಾನಿಗಳು.

ಡಾಕ್ಟ್ರಮ್ಮ ಹಾಸನ

ಮೇಷ್ಟ್ರು ಹೇಳಿದ ‘ಜಾಗವಿಲ್ಲ’ ಅನ್ನುವ ಮಾತಿಗೆ ಕಲ್ಲಿನಲ್ಲೇ ಉದಾಹರಣೆ ಇದೆ.

ಅಜರ್‌ಬೈಜಾನಿನದೇ ಭಾಗವಾದ ನಖಿಚೆವಾನ್‌ನ ಜುಲ್ಫಾದಲ್ಲಿ, ಅರಾಸ್ ನದಿ ದಂಡೆ ಮೇಲೆ, ಮಧ್ಯಯುಗದ ಆರ್ಮೇನಿಯನ್ ಸ್ಮಶಾನ ಇತ್ತು. ಸಾವಿರಾರು ಖಾಚ್ಕಾರ್‌ಗಳು, ಅಂದರೆ ಶಿಲುಬೆ ಕೆತ್ತಿದ ಆಳೆತ್ತರದ ಕಲ್ಲುಗಳು. 2005ರ ಡಿಸೆಂಬರ್‌ನಲ್ಲಿ ಅಜರ್‌ಬೈಜಾನಿ ಸೈನಿಕರು ಸುತ್ತಿಗೆ ಹಿಡಿದು ಒಡೆಯುವುದನ್ನು ನದಿಯ ಈಚೆ, ಇರಾನ್ ಕಡೆಯಿಂದ ಚಿತ್ರೀಕರಿಸಿದರು. ಹಾಗೇನೂ ಆಗಿಲ್ಲ, ಅಲ್ಲಿ ಆರ್ಮೇನಿಯನ್ನರೇ ಇರಲಿಲ್ಲ ಅಂತ ಅಜರ್‌ಬೈಜಾನ್ ಹೇಳಿತು. 2010ರಲ್ಲಿ ಅಮೆರಿಕದ ವಿಜ್ಞಾನ ಸಂಸ್ಥೆಯೊಂದು 2003ರ ಮತ್ತು 2009ರ ಉಪಗ್ರಹ ಚಿತ್ರ ಪಕ್ಕಪಕ್ಕ ಇಟ್ಟಿತು. ಮೊದಲನೆಯದರಲ್ಲಿ ಕಲ್ಲುಗಳ ಸಾಲು, ಎರಡನೆಯದರಲ್ಲಿ ಸಪಾಟು ನೆಲ.

ಇದಕ್ಕಿಂತ ಜಾಣತನದ್ದು ಅಜರ್‌ಬೈಜಾನಿಗಳ ಅಲ್ಬೇನಿಯನ್ ವಾದ. ಬಾಲ್ಕನ್‌ನ ಅಲ್ಬೇನಿಯಾ ಅಲ್ಲ, ಇದು ಕಾಕಸಸ್‌ನ ಹಳೇ ರಾಜ್ಯ. ಕರಾಬಾಖ್‌ನ ಚರ್ಚುಗಳೆಲ್ಲ ಅಲ್ಬೇನಿಯನ್ನರದು, ಆರ್ಮೇನಿಯನ್ನರು ಆಮೇಲೆ ತಮ್ಮ ಬರಹ ಕೆತ್ತಿಕೊಂಡರು ಅಂತ. ಅದನ್ನು ಬೆಳೆಸಿದವರೂ ಇದೇ ಬುನ್ಯಾದೋವ್. 2022ರ ಫೆಬ್ರವರಿಯಲ್ಲಿ ಅಜರ್‌ಬೈಜಾನಿನ ಸಂಸ್ಕೃತಿ ಸಚಿವರು ಆ ‘ನಕಲಿ’ ಆರ್ಮೇನಿಯನ್ ಗುರುತು ತೆಗೆಯಲು ಸಮಿತಿ ಅಂತ ಘೋಷಿಸಿದರು. ಗಲಾಟೆ ಆದ ಮೇಲೆ ಮಾತು ಬದಲಾಯಿಸಿದರು.

ಈಗ ನನ್ನ ಪ್ರೀತಿಯ ಯೆರೆವಾನ್ ವಿಷಯ. ಅಲ್ಲಿ ಒಂದು ಚೆಂದದ ನೀಲಿ ಮಸೀದಿ ಇದೆ, 18ನೇ ಶತಮಾನದ್ದು. ಕೇಳಿದರೆ ‘ಪರ್ಷಿಯನ್ ಮಸೀದಿ’ ಅನ್ನುತ್ತಾರೆ, ನಾನೂ ಆರು ವರ್ಷ ಹಾಗೇ ಅಂದೆ. ಹಾಗಾದರೆ ಅಲ್ಲಿ ನಮಾಜು ಮಾಡುತ್ತಿದ್ದ ಊರಿನವರು ಯಾರು? 1897ರ ಜನಗಣತಿಯಲ್ಲಿ ಯೆರೆವಾನ್‌ನಲ್ಲಿ 29 ಸಾವಿರ ಜನ. ಆರ್ಮೇನಿಯನ್ನರು ನೂರಕ್ಕೆ 43, ಆಗ ತಾತಾರ್ ಅಂತ ಬರೆಯುತ್ತಿದ್ದ ಅಜರ್‌ಬೈಜಾನಿಗಳು ಹತ್ತಿರ ಹತ್ತಿರ ಅಷ್ಟೇ. 1988ರಿಂದ 91ರ ಒಳಗೆ ಆರ್ಮೇನಿಯಾದಲ್ಲಿದ್ದ ಅಜರ್‌ಬೈಜಾನಿಗಳು ಹೆಚ್ಚುಕಡಿಮೆ ಎಲ್ಲರೂ, ಸುಮಾರು ಎರಡು ಲಕ್ಷ ಜನ, ಹೊರಗೆ ಹೋದರು. 1988ರ ನವೆಂಬರ್‌ನಲ್ಲಿ ಆರ್ಮೇನಿಯಾದ ಗುಗಾರ್ಕ್ ಕಡೆ ಅವರ ಕೊಲೆಗಳೂ ಆದವು. ನನ್ನ ಕ್ಲಾಸಿನ ಆರ್ಮೇನಿಯನ್ ಹುಡುಗರಿಗೆ ಸುಮ್ಗಾಯಿತ್‌ನ ತಾರೀಕು ಬಾಯಿಪಾಠ. ಗುಗಾರ್ಕ್ ಅಂದರೆ ಮುಖ ಮುಖ ನೋಡಿಕೊಂಡರು.

ವೀರಭದ್ರ 77

ಹಾಗಾದರೆ ಇಬ್ಬರೂ ಒಂದೇ ಅಂದ ಹಾಗಾಯ್ತು. ಮುಗೀತಲ್ಲ.

ಕಡಲತೀರ

ಎಲ್ಲಿ ಮುಗೀತು ಮಾರಾಯ್ರೆ. ಹತ್ಯೆಯಲ್ಲಿ ಇಬ್ಬರ ಕೈಯಲ್ಲೂ ರಕ್ತ ಇದೆ, ಸರಿ. ಸುಳ್ಳು ನಡೆಸುವ ಯಂತ್ರ ಒಂದೇ ಅಲ್ಲ.

ನಾನು ಬಾಕುವಿನಲ್ಲಿದ್ದ ಮೊದಲ ವರ್ಷವೇ ನೋಡಿದ್ದು ಹೇಳುತ್ತೇನೆ. ರಮಿಲ್ ಸಫರೋವ್ ಅನ್ನುವ ಅಜರ್‌ಬೈಜಾನಿ ಸೇನಾಧಿಕಾರಿ 2004ರಲ್ಲಿ ಬುಡಾಪೆಸ್ಟ್‌ನಲ್ಲಿ, ಇಂಗ್ಲಿಷ್ ತರಬೇತಿಗೆ ಬಂದಿದ್ದ ಆರ್ಮೇನಿಯನ್ ಅಧಿಕಾರಿ ಗುರ್ಗೆನ್ ಮಾರ್ಗಾರ್ಯಾನ್‌ನನ್ನು ಮಲಗಿದ್ದಾಗ ಕೊಡಲಿಯಿಂದ ಕೊಂದ. ಜೀವಾವಧಿ ಶಿಕ್ಷೆ ಆಯಿತು. 2012ರ ಆಗಸ್ಟ್ 31ಕ್ಕೆ ಹಂಗೇರಿ ಅವನನ್ನು ಬಾಕುವಿಗೆ ಕಳಿಸಿತು. ಬಂದ ದಿನವೇ ಅಧ್ಯಕ್ಷರಿಂದ ಕ್ಷಮಾದಾನ. ಆಮೇಲೆ ಮೇಜರ್ ಆಗಿ ಬಡ್ತಿ, ಫ್ಲಾಟು, ಎಂಟು ವರ್ಷದ ಸಂಬಳ ಬಾಕಿ. ಆಫೀಸಿನಲ್ಲಿ ಸಿಹಿ ಹಂಚಿದರು. ನಾನೂ ಒಂದು ತುಂಡು ತಿಂದೆ, ಯಾಕೆ ಅಂತ ಗೊತ್ತಾಗುವ ಮೊದಲು. ಇವತ್ತಿಗೂ ಅದು ಗಂಟಲಲ್ಲಿ ಇದೆ.

ಆಮೇಲೆ ಅಕ್ರಮ್ ಐಲಿಸ್ಲಿ. ‘ಜನತೆಯ ಲೇಖಕ’ ಅಂತ ಬಿರುದು ಪಡೆದ ಹಿರಿಯ. ಆರ್ಮೇನಿಯನ್ನರ ಮೇಲೆ ಆದ ಹಿಂಸೆಯ ಬಗ್ಗೆ ಒಂದು ಕಿರುಕಾದಂಬರಿ ಬರೆದರು, 2012ರ ಕೊನೆಗೆ ಮಾಸ್ಕೋದಲ್ಲಿ ಪ್ರಕಟವಾಯಿತು. 2013ರ ಫೆಬ್ರವರಿಯಲ್ಲಿ ಬಿರುದು ಹೋಯಿತು, ಪಿಂಚಣಿ ಹೋಯಿತು, ಪುಸ್ತಕ ಸುಟ್ಟರು. ಅವರ ಕಿವಿ ಕತ್ತರಿಸಿ ತಂದವರಿಗೆ 10,000 ಮನಾತ್ ಅಂತ ಒಂದು ಪಕ್ಷದ ಮುಖಂಡ ಬಹಿರಂಗವಾಗಿ ಹೇಳಿದ. ತನ್ನವರು ಮಾಡಿದ್ದನ್ನು ಬರೆದದ್ದಕ್ಕೆ ಇದು.

ಐನುಲ್ಲಾ ಫತುಲ್ಲಾಯೆವ್ ಅನ್ನುವ ಪತ್ರಕರ್ತ ಖೊಜಾಲಿ ಬಗ್ಗೆ ಸರ್ಕಾರಕ್ಕೆ ಬೇಡವಾದದ್ದು ಬರೆದ, 2007ರಲ್ಲಿ ಜೈಲಿಗೆ ಹೋದ. ತಪ್ಪು ಅಂತ 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದರೂ ಬಿಟ್ಟದ್ದು 2011ಕ್ಕೆ. ಅವನು ಬರೆದದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ನನ್ನ ಪ್ರಕಾರ ಅದರಲ್ಲೂ ‘ಅವರೇ ಕೊಂದುಕೊಂಡರು’ ವಾಸನೆ ಇದೆ. ಆದರೆ ತಪ್ಪು ಬರೆದವನಿಗೆ ಉತ್ತರ ಬರೆಯುತ್ತಾರೆ, ಬೀಗ ಹಾಕುವುದಲ್ಲ.

ಡಾಕ್ಟ್ರಮ್ಮ ಹಾಸನ

ಒಪ್ಪುತ್ತೇನೆ. ಆದರೆ ಯೆರೆವಾನ್‌ನವರು ಬಚಾವ್ ಅಂತ ಅಂದುಕೊಳ್ಳಬೇಡಿ. ನನ್ನ ಗೆಳತಿಯರು 2020ರ ಯುದ್ಧದ 44 ದಿನ ಏನು ಕೇಳಿಸಿಕೊಂಡರು ಗೊತ್ತಾ? ‘ಹಾಘ್ತೆಲು ಎಂಕ್’, ನಾವು ಗೆಲ್ಲುತ್ತೇವೆ. ಟಿವಿಯಲ್ಲಿ ಅದೇ, ಬೋರ್ಡಿನಲ್ಲಿ ಅದೇ, ಪ್ರತಿ ಸಂಜೆ ರಕ್ಷಣಾ ಇಲಾಖೆ ಬ್ರೀಫಿಂಗ್‌ನಲ್ಲಿ ಅದೇ. ಅಕ್ಟೋಬರ್‌ನಲ್ಲಿ ಸರ್ಕಾರ ಅಧಿಕಾರಿಗಳನ್ನು ಟೀಕಿಸುವ ಸುದ್ದಿಗೂ ನಿಷೇಧ ಹಾಕಿತು. ಕರಾಬಾಖ್‌ನ ಶುಶಿ ಊರು ತಮ್ಮ ಕೈಗೆ ಬಂತು ಅಂತ ನವೆಂಬರ್ 8ಕ್ಕೆ ಬಾಕು ಹೇಳಿದಾಗ ಯೆರೆವಾನ್‌ನಲ್ಲಿ ‘ಹೋರಾಟ ನಡೆದಿದೆ’ ಅನ್ನುತ್ತಿದ್ದರು. 9ರ ಮಧ್ಯರಾತ್ರಿ ಪ್ರಧಾನಿ ಪಶಿನ್ಯಾನ್ ಫೇಸ್‌ಬುಕ್‌ನಲ್ಲಿ ಸೋಲಿನ ಒಪ್ಪಂದಕ್ಕೆ ಸಹಿ ಹಾಕಿದೆ ಅಂತ ಬರೆದರು. ಜನ ಸಂಸತ್ತಿಗೆ ನುಗ್ಗಿ ಸ್ಪೀಕರ್‌ಗೆ ಹೊಡೆದರು. ನನ್ನ ಗೆಳತಿ ಫೋನಿನಲ್ಲಿ ಅಳುತ್ತಾ ಕೇಳಿದ್ದು ಸೋತದ್ದು ಯಾಕೆ ಅಂತ ಅಲ್ಲ. ‘ನಿನ್ನೆ ಯಾಕೆ ಹೇಳಲಿಲ್ಲ?’ ಅವಳ ತಮ್ಮ ಮುಂಚೂಣಿಯಲ್ಲಿದ್ದ. ಗೊತ್ತಿದ್ದರೆ ಎರಡು ವಾರ ಮೊದಲೇ ಯಾರಾದರೂ ನಿಲ್ಲಿಸಿ ಅಂತ ಬೀದಿಗೆ ಇಳಿಯುತ್ತಿದ್ದರೋ ಏನೋ.

ಅದೇ ಹೊತ್ತು ಅಜರ್‌ಬೈಜಾನಿನಲ್ಲಿ ಸೋಶಿಯಲ್ ಮೀಡಿಯಾ ಬಂದ್. ಎಷ್ಟು ಸೈನಿಕರು ಸತ್ತರು ಅಂತ ಅವರ ಇಲಾಖೆ ಬಾಯಿ ಬಿಟ್ಟದ್ದು ಡಿಸೆಂಬರ್ 3ಕ್ಕೆ, 2,783 ಅಂತ. ಗೆದ್ದ ಮೇಲೆ ಸತ್ತವರ ಲೆಕ್ಕ.

ಸುಮ್ನೆ ಓದುವವಳು

ಅಕ್ಕಾ, ನಿಮ್ಮ ತಾತಿಕ್ ಅಡುಗೆಮನೆಯಲ್ಲಿ ಮಾಡುತ್ತಿದ್ದ ತೊಲ್ಮಾ ಅವರದ್ದೋ ಇವರದ್ದೋ? ಅದಕ್ಕೂ ಜಗಳ ಅಂತ ಕೇಳಿದ್ದೆ 😄

ಡಾಕ್ಟ್ರಮ್ಮ ಹಾಸನ

ಅದಕ್ಕೂ ಇದೆ. ಆರ್ಮೇನಿಯಾ 2014ರಲ್ಲಿ ಲವಾಶ್ ರೊಟ್ಟಿಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿತು, ಅಜರ್‌ಬೈಜಾನ್ 2017ರಲ್ಲಿ ಇದೇ ತೊಲ್ಮಾವನ್ನು ದೋಲ್ಮಾ ಅಂತ ಸೇರಿಸಿತು. ತಾತಿಕ್‌ಗೆ ಕೇಳಿದ್ದೆ. ‘ಮಾಂಸ ಕಡಿಮೆ ಹಾಕಿದರೆ ಅವರದ್ದು’ ಅಂದರು.

ನಿವೃತ್ತ ಮೇಷ್ಟ್ರು

2023ರ ವಿಷಯ ಯಾರೂ ಎತ್ತಲಿಲ್ಲ. 2022ರ ಡಿಸೆಂಬರ್ 12ರಿಂದ ಕರಾಬಾಖ್‌ನಿಂದ ಆರ್ಮೇನಿಯಾಕ್ಕೆ ಹೋಗುವ ಲಾಚಿನ್ ರಸ್ತೆ ಬಂದ್. ತಡೆದವರು ಯಾರು? ‘ಪರಿಸರ ಹೋರಾಟಗಾರರು’, ಗಣಿಗಾರಿಕೆ ವಿರುದ್ಧ ಧರಣಿ ಕೂತವರಂತೆ. ಸರ್ಕಾರದ ಅನುಮತಿ ಇಲ್ಲದೆ ನಾಲ್ಕು ಜನ ಬೀದಿಯಲ್ಲಿ ನಿಲ್ಲಲಾಗದ ದೇಶದಲ್ಲಿ ತಿಂಗಳುಗಟ್ಟಲೆ ಪರಿಸರ ಧರಣಿ! ಒಂಬತ್ತು ತಿಂಗಳು ಊಟ, ಔಷಧಿಗೆ ಪರದಾಟ. 2023ರ ಸೆಪ್ಟೆಂಬರ್ 19ಕ್ಕೆ ಅಜರ್‌ಬೈಜಾನಿನ ದಾಳಿ, 24 ಗಂಟೆಯಲ್ಲಿ ಮುಗಿಯಿತು. ವಾರದೊಳಗೆ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕರಾಬಾಖ್ ಬಿಟ್ಟರು, ಅಂದರೆ ಹೆಚ್ಚುಕಡಿಮೆ ಪೂರ್ತಿ. ಬಾಕು ಹೇಳಿದ್ದು: ಅವರಾಗಿ ಹೋದರು, ನಾವು ಯಾರನ್ನೂ ಕಳಿಸಲಿಲ್ಲ.

ಕಿಟ್ಟಿಯವರ ವಾಕ್ಯಕ್ಕೆ ಇದು ತಮ್ಮ ಅಲ್ಲವೇ. ಅಣ್ಣ ‘ಅವರೇ ಕೊಂದುಕೊಂಡರು’, ತಮ್ಮ ‘ಅವರಾಗಿಯೇ ಹೋದರು’. 1988ರಲ್ಲಿ ಆರ್ಮೇನಿಯಾದಿಂದ ಹೋದ ಅಜರ್‌ಬೈಜಾನಿಗಳ ಬಗ್ಗೆಯೂ ಯೆರೆವಾನ್‌ನಲ್ಲಿ ಇದೇ ಹೇಳುತ್ತಾರಲ್ಲ, ಡಾಕ್ಟ್ರೇ?

ಡಾಕ್ಟ್ರಮ್ಮ ಹಾಸನ

ಅಕ್ಷರಕ್ಕೆ ಅಕ್ಷರ, ಇದೇ. ‘ಮನೆ ಮಾರಿ ದುಡ್ಡು ತಗೊಂಡು ಹೋದರು’ ಅಂತ ಸೇರಿಸುತ್ತಾರೆ.

ಕಡಲತೀರ

ಈಗ ಇನ್ನೊಂದು ಶುರುವಾಗಿದೆ. ಯೆರೆವಾನ್ ಸುತ್ತಮುತ್ತ ಎಲ್ಲ ‘ಪಶ್ಚಿಮ ಅಜರ್‌ಬೈಜಾನ್’ ಅಂತ ಅಧ್ಯಕ್ಷ ಅಲಿಯೆವ್ ಭಾಷಣ. 1988ರಲ್ಲಿ ಹೊರಬಿದ್ದವರ ನಿಜವಾದ ನೋವು ಇದೆ ಅದರ ಕೆಳಗೆ, ಮೇಲೆ ನಕಾಶೆ ಹೊದಿಸಿದ್ದಾರೆ. 2025ರ ಆಗಸ್ಟ್ 8ಕ್ಕೆ ವಾಷಿಂಗ್ಟನ್‌ನಲ್ಲಿ ಇಬ್ಬರೂ ನಾಯಕರು ಕೂತು ಘೋಷಣೆಗೆ ಸಹಿ ಹಾಕಿದರು, ಶಾಂತಿ ಒಪ್ಪಂದದ ಕರಡಿಗೆ ಸಚಿವರು ಚುಟುಕು ಸಹಿ ಮಾಡಿದರು. ಸಹಿ ಹಾಕುವುದು ಬೇಗ ಆಗುತ್ತದೆ. ನನ್ನ ಅಗ್ದಾಮ್ ಗೆಳೆಯನಿಗೆ ಸುಮ್ಗಾಯಿತ್ ಬಗ್ಗೆ ಕೇಳಿದೆ ಮೊನ್ನೆ. ‘ಗ್ರಿಗೋರ್ಯಾನ್’ ಅಂತ ಒಂದೇ ಪದ ಟೈಪ್ ಮಾಡಿ ಕಳಿಸಿದ. ಬುನ್ಯಾದೋವ್ ಸತ್ತದ್ದು 1997ಕ್ಕೆ.

ಕೆಂಗೇರಿ ಕಿಟ್ಟಿ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಓದಿ ನನ್ನ ಹಳೇ ಪೋಸ್ಟ್ ಹುಡುಕಿದೆ. ಇನ್ನೂ ಇತ್ತು, ಐದು ವರ್ಷದಿಂದ ಹಾಗೇ ಓಡಾಡಿಕೊಂಡಿತ್ತು. ‘ಇದು ವಿಡಿಯೋ ಗೇಮ್, ತಪ್ಪಾಗಿ ಹಾಕಿದ್ದೆ, ಕ್ಷಮಿಸಿ’ ಅಂತ ಮೇಲೆ ಸೇರಿಸಿದೆ.

ಎರಡು ನಿಮಿಷಕ್ಕೆ ಮೊದಲ ಕಾಮೆಂಟ್ ಬಂತು. ‘ಅಜರ್‌ಬೈಜಾನ್‌ನವರು ಎಷ್ಟು ಕೊಟ್ಟರು?’